ಮುಷ್ಕರದ ದಿನಗಳಲ್ಲಿ ಮಕ್ಕಳ ಓದು: ಹೊಸ ಪಾಠ ಬೇಡ, ಹಳೆಯದನ್ನೇ ಗಟ್ಟಿ ಮಾಡಿಸಿ

ಶಿಕ್ಷಕರ ಮುಷ್ಕರ ಶುರುವಾಯಿತೆಂದು ಮನೆಯಲ್ಲೇ ಹೊಸ ಪಾಠ ಹೇಳಿಕೊಡಲು ಹೋಗಬೇಡಿ. ಮನೆಯಲ್ಲೊಂದು ವಿಧಾನ, ಆಮೇಲೆ ತರಗತಿಯಲ್ಲಿ ಇನ್ನೊಂದು ಎಂದಾದರೆ ಮಗು ಗೊಂದಲಕ್ಕೆ ಬೀಳುತ್ತದೆ, ಗಣಿತದಲ್ಲಂತೂ ಇದು ಹೆಚ್ಚು.

ಮೊದಲು ನೋಟ್‌ಬುಕ್ ತೆಗೆದು ಕಳೆದ ಎರಡು ಮೂರು ವಾರಗಳ ಕೆಂಪು ಗುರುತುಗಳನ್ನು ನೋಡಿ. ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಬಂದಿದೆಯೇ? 52ರಲ್ಲಿ 27 ಕಳೆದು 35 ಎಂದು ಬರೆದಿದ್ದರೆ ಅದನ್ನು ಅಜಾಗರೂಕತೆ ಎಂದು ಬೈಯಬೇಡಿ. 2ರಲ್ಲಿ 7 ಹೋಗದ ಕಾರಣ ಮಗು 7ರಲ್ಲೇ 2 ಕಳೆದಿದೆ. ಇದಕ್ಕೆ ಇನ್ನೂ 20 ಲೆಕ್ಕ ಕೊಟ್ಟರೆ ಆ ತಪ್ಪೇ ರೂಢಿಯಾಗುತ್ತದೆ. ಕಡ್ಡಿಗಳಿಂದ ಹತ್ತರ 5 ಕಟ್ಟು ಮಾಡಿ, ಜೊತೆಗೆ 2 ಬಿಡಿ ಇಡಿ. ಒಂದು ಕಟ್ಟನ್ನು ಮಗುವಿನ ಕೈಯಲ್ಲೇ ಬಿಚ್ಚಿಸಿ: ಈಗ 4 ಕಟ್ಟು, 12 ಬಿಡಿ. ಅದರಿಂದ 2 ಕಟ್ಟು, 7 ಬಿಡಿ ತೆಗೆಸಿದರೆ 25 ಉಳಿಯುತ್ತದೆ. ಆಮೇಲೆ ನಾಲ್ಕೇ ಲೆಕ್ಕ ಸಾಕು. ಮರುದಿನ ಕಡ್ಡಿಯಿಲ್ಲದೆ ಎರಡು ಮಾಡಿಸಿ.

ಸಮಾಜ, ವಿಜ್ಞಾನಕ್ಕೆ ಪಾಠ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿರುವುದನ್ನು ಬರೆಸಿ. ಬಿಟ್ಟುಹೋದದ್ದನ್ನಷ್ಟೇ ಮತ್ತೆ ಓದಲಿ. ಸುಮ್ಮನೆ ಎರಡನೇ ಸಲ ಓದಿಸುವುದಕ್ಕಿಂತ ಇದು ಎಷ್ಟೋ ಮೇಲು.

ಚಿಕ್ಕವರಿಗೆ ಒಮ್ಮೆಗೆ 20 ನಿಮಿಷ, ಹೈಸ್ಕೂಲಿನವರಿಗೆ 40 ನಿಮಿಷ ಸಾಕು. ಏಳುವ, ಮಲಗುವ ಹೊತ್ತು ಮಾತ್ರ ಶಾಲೆಯ ದಿನಗಳಂತೆಯೇ ಇರಲಿ.

ಮುಷ್ಕರದಲ್ಲಿರುವ ಶಿಕ್ಷಕರಿಗೆ ಹೋಂವರ್ಕ್ ಕೇಳಿ ಮೆಸೇಜ್ ಮಾಡಬೇಡಿ, ಮಕ್ಕಳ ಮುಂದೆ ಅವರನ್ನು ಹಳಿಯಲೂ ಬೇಡಿ. ನಾಳೆ ಅದೇ ತರಗತಿಯಲ್ಲಿ ಮಗು ಕೂರಬೇಕು. ಅರ್ಥವಾಗದ ಪ್ರಶ್ನೆಗಳನ್ನು ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದಿಡಿ, ಶಾಲೆ ತೆರೆದ ಮೇಲೆ ಅದನ್ನೇ ಶಿಕ್ಷಕರ ಕೈಗೆ ಕೊಡಿ.