ಮಲೆನಾಡಿನಲ್ಲಿ ನಾಟಕ ಅಗ್ಗ, ರಾತ್ರಿ ವಾಪಸ್ ಬರುವುದೇ ದುಬಾರಿ

ನಾನು ಶಿವಮೊಗ್ಗದವಳು. ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಸ್ವಂತ ಕಾರಿಲ್ಲ, ಸಂಬಳವೂ ಅಷ್ಟಕ್ಕಷ್ಟೇ. ಆದರೂ ವರ್ಷವಿಡೀ ಸಾಗರ, ಹೆಗ್ಗೋಡು, ತೀರ್ಥಹಳ್ಳಿ, ಹೊಸನಗರ, ಶಿರಸಿ ಅಂತ ಓಡಾಡಿ ನಾಟಕ, ಯಕ್ಷಗಾನದ ಆಟ ನೋಡುತ್ತೇನೆ. ಖರ್ಚು ಹೇಗೆ ತೂಗಿಸ್ತೀರಿ ಅಂತ ಸಹೋದ್ಯೋಗಿಗಳು ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು, ನಮ್ಮ ಕಡೆ ನಾಟಕದ ಟಿಕೆಟ್ಟಿಗೆ ಹೆದರಬೇಕಿಲ್ಲ. ನಾನು ಕೊಳ್ಳುವ ಟಿಕೆಟ್ಟುಗಳು ಬಹುಪಾಲು 50 ರೂಪಾಯಿ, 100 ರೂಪಾಯಿಯವು. ಬಯಲಲ್ಲಿ ಆಡುವ ಯಕ್ಷಗಾನ, ಅಂದರೆ ಬಯಲಾಟಕ್ಕೆ ಅದೂ ಇಲ್ಲ. ಖರ್ಚು ಶುರುವಾಗುವುದು ನಾಟಕ ಮುಗಿದ ಮೇಲೆ. ರಾತ್ರಿ ಒಂಬತ್ತೂವರೆಗೆ ರಂಗಮಂದಿರದಿಂದ ಹೊರಗೆ ಬಂದರೆ ಹಳ್ಳಿ ದಾರಿಯಲ್ಲಿ ಬಸ್ಸು ಇರುವುದಿಲ್ಲ. ಬಾಡಿಗೆ ಗಾಡಿ ಮಾಡಿದರೆ 50 ರೂಪಾಯಿಯ ನಾಟಕಕ್ಕೆ ಸಾವಿರದ ಮೇಲೆ ಖರ್ಚಾಗುತ್ತದೆ. ಅದಕ್ಕೇ ನಾನು ಯಾವುದೇ ನಾಟಕದ ಸುದ್ದಿ ಕೇಳಿದರೂ ಮೊದಲು ನೋಡುವುದು ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ. ಆಮೇಲೆ, ಅಲ್ಲಿಂದ ಕೊನೆಯ ಬಸ್ಸು ಎಷ್ಟಕ್ಕೆ, ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ಅಂತ. ಈ ಮೂರು ಗೊತ್ತಾದರೆ ಉಳಿದದ್ದೆಲ್ಲ ತಾನಾಗೇ ಹೊಂದಿಕೊಳ್ಳುತ್ತದೆ.

ಊರಲ್ಲೇ ಆಗುವ ನಾಟಕಗಳಿಗೆ ಈ ತಲೆಬಿಸಿ ಇಲ್ಲ. ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರ ಇದೆ. ಅಶೋಕನಗರದ ಸುವರ್ಣ ಸಾಂಸ್ಕೃತಿಕ ಭವನದಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಇದೆ. ದಸರಾ ಬಂದರೆ ರಂಗ ದಸರಾ ಅಂತ ನಾಟಕಗಳು ಇರುತ್ತವೆ. ಹೊರಗಿನಿಂದ ಬರುವವರು ಜೋಗ, ಆಗುಂಬೆ ಅಂತ ಹೊರಟಾಗ ಒಂದು ಸಂಜೆ ಶಿವಮೊಗ್ಗದಲ್ಲಿ ಉಳಿದರೂ ಸಾಕು, ಏನಾದರೂ ಸಿಗುವ ಸಂಭವ ಜಾಸ್ತಿ. ನಾಟಕ ಮುಗಿದ ಮೇಲೂ ಬಸ್‌ಸ್ಟ್ಯಾಂಡ್ ಹತ್ತಿರ ಊಟ, ಆಟೋ ಎರಡೂ ಸಿಗುತ್ತವೆ.

ಹೆಗ್ಗೋಡಿನ ಕಥೆ ಬೇರೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಸಾಗರದಿಂದ ಎಂಟೊಂಬತ್ತು ಕಿಲೋಮೀಟರ್ ದೂರದ ಅಡಿಕೆ ತೋಟಗಳ ಹಳ್ಳಿ ಅದು. ಅಲ್ಲಿ ನೀನಾಸಂ, ಅಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಹುಟ್ಟಿದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣ ಮತ್ತು ಊರವರು ಸೇರಿ ಬೆಳೆಸಿದ ಸಂಸ್ಥೆ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಬಂತು, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಂಡ, ತಿರುಗಾಟ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಷ್ಟೆಲ್ಲ ಇರುವ ಜಾಗಕ್ಕೆ ಹೋದರೆ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತವರು ಆಗಷ್ಟೇ ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದು ಬಂದವರಾಗಿರುತ್ತಾರೆ. ಷೇಕ್ಸ್‌ಪಿಯರ್ ಆಗಲಿ, ಬ್ರೆಕ್ಟ್ ಆಗಲಿ, ಆ ಜನ ನೋಡಿರುವಷ್ಟು ನಾಟಕ ನಾನಿನ್ನೂ ನೋಡಿಲ್ಲ. ನಾಟಕ ಮುಗಿದ ಮೇಲೆ ಅವರು ಆಡುವ ಮಾತು ಕೇಳುವುದಕ್ಕೇ ನಾನು ಅಲ್ಲಿಗೆ ಹೋಗುವುದಿದೆ. ನಗರದ ಸಭಾಂಗಣದಲ್ಲಿ ಇದು ಸಿಗಲ್ಲ.

ಶಿವಮೊಗ್ಗದಿಂದ ಸಾಗರಕ್ಕೆ ಹಗಲು ರೈಲಿನಲ್ಲಿ ಹೋಗುವುದು ನನಗಿಷ್ಟ. ತಾಳಗುಪ್ಪದ ರೈಲು ಹತ್ತಿ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯುವುದು. ಜನರಲ್ ಟಿಕೆಟ್ ಬಸ್ಸಿಗಿಂತ ಅಗ್ಗ. ಸರ್ಕಾರಿ ಬಸ್ಸಿಗೆ ಹೋದರೆ ನಮಗೆ, ಹೆಂಗಸರಿಗೆ, ಅದೂ ಬೇಡ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ನನ್ನ ನಾಟಕದ ಓಡಾಟ ನಿಜವಾಗಿಯೂ ಹೆಚ್ಚಿದೆ. ಕರ್ನಾಟಕದ ವಿಳಾಸ ಇರುವ ಆಧಾರ್‌ನಂಥ ಗುರುತಿನ ಚೀಟಿ ಕೈಯಲ್ಲಿರಬೇಕು. ರಾಜಹಂಸ, ಸ್ಲೀಪರ್ ಥರದ ಬಸ್ಸಿಗೆ ಇದು ನಡೆಯಲ್ಲ. ಇನ್ನೊಂದು ವಿಷಯ, ತೀರ್ಥಹಳ್ಳಿ, ಹೊಸನಗರದ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಅಲ್ಲಿ ಎಲ್ಲರಿಗೂ ಟಿಕೆಟ್ಟೇ. ಹಾಗಾಗಿ ಚಿಲ್ಲರೆ ಇಟ್ಟುಕೊಳ್ಳಿ.

ಹೆಗ್ಗೋಡಿನಲ್ಲಿ ನಾಟಕ ಸಾಮಾನ್ಯವಾಗಿ ಸಂಜೆ ಏಳಕ್ಕೆ. ಹೇಳಿದ ಹೊತ್ತಿಗೆ ಶುರು ಮಾಡುತ್ತಾರೆ. ಮುಗಿಯುವ ಹೊತ್ತಿಗೆ ಶಿವಮೊಗ್ಗದ ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲನ್ನು ಹಿಡಿಯಲು ಆಗುವುದಿಲ್ಲ. ಆದ್ದರಿಂದ ಆ ರಾತ್ರಿ ಸಾಗರದಲ್ಲೇ ಉಳಿಯುವುದು ಅಂತ ಮೊದಲೇ ನಿರ್ಧರಿಸಿಬಿಡುತ್ತೇನೆ. ನಾವು ಮೂವರು ಗೆಳತಿಯರು ಸೇರಿ ಹೋಗುತ್ತೇವೆ. ಬಸ್‌ಸ್ಟ್ಯಾಂಡಿಗೆ ನಡೆದುಹೋಗುವಷ್ಟು ಹತ್ತಿರದ ಲಾಡ್ಜಿನಲ್ಲಿ ಒಂದೇ ರೂಮ್ ಹಿಡಿದರೆ ತಲೆಗೆ ಮುನ್ನೂರು ರೂಪಾಯಿಯೊಳಗೆ ಆಗುತ್ತದೆ.

ಹೆಗ್ಗೋಡಿನಿಂದ ಸಾಗರಕ್ಕೆ ವಾಪಸ್ ಬರುವ ಏರ್ಪಾಡನ್ನು ನಾಟಕಕ್ಕೆ ಮುಂಚೆ ಮಾಡಿಕೊಳ್ಳಬೇಕು, ಆಮೇಲಲ್ಲ. ಸಾಗರದಿಂದ ಕಾರಲ್ಲಿ ಬಂದವರು ಸುಮಾರು ಜನ ಇರುತ್ತಾರೆ. ಟೀ ಕುಡಿಯುತ್ತ ನಿಂತಿರುವಾಗ ಮಾತಾಡಿಸಿ, "ವಾಪಸ್ ಹೋಗುವಾಗ ಜಾಗ ಇರತ್ತಾ?" ಅಂತ ಕೇಳಿದರೆ ಇಲ್ಲ ಅಂದವರು ಕಡಿಮೆ. ಒಮ್ಮೆ ಒಬ್ಬರು ಹಿರಿಯರು, "ಜಾಗ ಯಾಕಿಲ್ಲ ತಂಗಿ, ಆದ್ರೆ ದಾರಿಯುದ್ದಕ್ಕೂ ನಾಟಕದ ಬಗ್ಗೆ ಮಾತಾಡ್ಬೇಕು" ಅಂದಿದ್ದರು. ಹಾಗೇ ಮಾತಾಡಿಕೊಂಡು ಬಂದೆವು. ನಾಟಕ ಮುಗಿದ ಮೇಲೆ ಕೇಳಿದರೆ ಎಲ್ಲರಿಗೂ ಮನೆಯ ಅವಸರ. ಸವಾರಿ ಸಿಗದಿದ್ದರೆ ಸಾಗರದಿಂದ ಬರುವಾಗಲೇ ಆಟೋದವರ ನಂಬರ್ ತೆಗೆದುಕೊಂಡು, ಬಾಡಿಗೆ ಮಾತಾಡಿ, ಇಂತಿಷ್ಟು ಹೊತ್ತಿಗೆ ಬನ್ನಿ ಅಂತ ಹೇಳಿಡುತ್ತೇವೆ. ಮೂವರು ಹಂಚಿಕೊಂಡರೆ ಅದು ಭಾರವಲ್ಲ.

ಹೆಗ್ಗೋಡಿಗೆ ಯಾವಾಗ ಹೋಗಬೇಕು ಅಂದರೆ, ನನ್ನ ಆಯ್ಕೆ ಅಕ್ಟೋಬರ್. ಆಗ ಕಲೆ, ಸಾಹಿತ್ಯದ ಬಗ್ಗೆ ಮಾತುಕತೆಯ ಸಂಸ್ಕೃತಿ ಶಿಬಿರ ನಡೆಯುತ್ತದೆ, ಆ ವರ್ಷದ ತಿರುಗಾಟದ ನಾಟಕಗಳೂ ಹೊರಬರುತ್ತವೆ. ತಿರುಗಾಟದ ತಂಡ ಆಮೇಲೆ ರಾಜ್ಯವೆಲ್ಲ ಸುತ್ತುತ್ತದೆ, ಶಿವಮೊಗ್ಗಕ್ಕೂ ಬರಬಹುದು. ಮತ್ತೆ ಅಲ್ಲಿಗೇ ಯಾಕೆ ಹೋಗಬೇಕು? ಬೇರೆ ಬೇರೆ ನಾಟಕಗಳು ಒಂದರ ಹಿಂದೊಂದು ರಾತ್ರಿ ಇರುತ್ತವೆ ಅನ್ನುವುದಕ್ಕೆ. ಒಂದೇ ಪ್ರಯಾಣದ ಖರ್ಚಿನಲ್ಲಿ ಎರಡು ನಾಟಕ. ನಡುವಿನ ಹಗಲಿಗೆ ಇಕ್ಕೇರಿ ಇದೆ. ಸಾಗರಕ್ಕೆ ತೀರಾ ಹತ್ತಿರ. ಅಘೋರೇಶ್ವರ ದೇವಸ್ಥಾನದ ತಣ್ಣನೆಯ ಕಲ್ಲಿನ ಮೇಲೆ ಕೂತು ಹಿಂದಿನ ರಾತ್ರಿಯ ನಾಟಕದ ಬಗ್ಗೆ ಹರಟೆ ಹೊಡೆಯಲು ಕಾಸು ಕೊಡಬೇಕಿಲ್ಲ. ಕೆಳದಿಯೂ ದೂರವಲ್ಲ. ವರ್ಷದ ಬೇರೆ ದಿನಗಳಲ್ಲಿ ರಂಗಶಿಕ್ಷಣ ಕೇಂದ್ರದ ವಿದ್ಯಾರ್ಥಿಗಳು ಮಾಡುವ ನಾಟಕಗಳನ್ನೂ ಬಿಡಬೇಡಿ. ದೊಡ್ಡ ಹೆಸರಿನ ನಟರು ಇರುವುದಿಲ್ಲ, ಆದರೆ ಆ ಹುಡುಗ ಹುಡುಗಿಯರು ಮೈಯೆಲ್ಲ ಕೊಟ್ಟು ಮಾಡುತ್ತಾರೆ. ನನಗೆ ತುಂಬಾ ದಿನ ನೆನಪಲ್ಲಿ ಉಳಿದ ಕೆಲವು ನಾಟಕಗಳು ಅವರವೇ.

ಇನ್ನು ಯಕ್ಷಗಾನ. ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ.

ಈಚೆಗೆ ಕಾಲಮಿತಿ ಆಟಗಳು ಹೆಚ್ಚಿವೆ. ಮಧ್ಯರಾತ್ರಿ ಹೊತ್ತಿಗೆ ಮುಗಿಯುತ್ತವೆ. ಬೆಳಗ್ಗೆ ಕೆಲಸಕ್ಕೆ ಹೋಗುವವರಿಗೆ, ಅಕ್ಕಪಕ್ಕದ ಮನೆಯವರಿಗೆ ಇದು ಅನುಕೂಲ, ಒಪ್ಪುತ್ತೇನೆ. ಆದರೆ ಗಾಡಿ ಇಲ್ಲದೆ ದೂರದಿಂದ ಬಂದವರಿಗೆ ಕಾಲಮಿತಿ ಅಂದರೆ ಕಷ್ಟ. ಹನ್ನೆರಡೂವರೆಗೆ ಆಟ ಮುಗಿದು, ದೀಪ ಆರಿಸಿ, ಎಲ್ಲರೂ ಮನೆಗೆ ಹೋದರೆ ನಾವು ಎಲ್ಲಿ ಹೋಗುವುದು? ಬೆಳತನಕದ ಆಟಕ್ಕೆ ಹೋದರೆ ರೂಮೇ ಬೇಡ. ರಾತ್ರಿಯಿಡೀ ಬೆಳಕಿರುತ್ತದೆ, ಜನ ಇರುತ್ತಾರೆ, ಟೀ ಅಂಗಡಿ ಇರುತ್ತದೆ. ಮಂಗಳ ಹಾಡುವ ಹೊತ್ತಿಗೆ ಮೊದಲ ಬಸ್ಸು ಬರುವ ಹೊತ್ತಾಗಿರುತ್ತದೆ. ಹೆಂಗಸರಿಗೂ ಇದೇ ಸುರಕ್ಷಿತ ಅನ್ನುವುದು ನನ್ನ ಅನುಭವ. ಆಟದ ಬಯಲಿನಲ್ಲಿ ಅಜ್ಜಿಯರಿಂದ ಹಿಡಿದು ಮಕ್ಕಳವರೆಗೆ ಇಡೀ ಸಂಸಾರಗಳೇ ಚಾಪೆ ಹಾಕಿ ಕೂತಿರುತ್ತವೆ. ಅವರ ಪಕ್ಕ ನಮ್ಮ ಚಾಪೆ ಹಾಕಿಕೊಂಡರಾಯಿತು.

ಆಟದ ಸೊಗಸಿನ ದೃಷ್ಟಿಯಿಂದಲೂ ರಾತ್ರಿಯಿಡೀ ಕೂರುವುದು ಲಾಭ. ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಪೂಜೆ ಆಗಿ, ಮೊದಲಿಗೆ ಬರುವ ಕೋಡಂಗಿ, ಬಾಲಗೋಪಾಲ ವೇಷಗಳು ಕುಣಿದು, ಪ್ರಸಂಗ, ಅಂದರೆ ಆ ರಾತ್ರಿಯ ಕಥೆ, ಶುರುವಾಗಿ ಒಂದು ಹದಕ್ಕೆ ಬರಲು ಹೊತ್ತು ಬೇಕು. ಮುಖ್ಯ ಭಾಗವತರು, ಅಂದರೆ ಹಾಡುಗಾರರು, ಪದ್ಯಕ್ಕೆ ಕೂರುವುದು ರಾತ್ರಿ ಏರಿದ ಮೇಲೆ. ಚಂಡೆಯ ಪೆಟ್ಟು ಆ ಚಳಿಯಲ್ಲಿ ಗುಡ್ಡದಿಂದ ಗುಡ್ಡಕ್ಕೆ ಕೇಳುತ್ತದೆ. ನಿದ್ದೆ ಬಂದರೆ ಒಂದು ಗಂಟೆ ಅಲ್ಲೇ ಮಲಗಿ, ದೊಡ್ಡ ವೇಷದ ಪ್ರವೇಶಕ್ಕೆ ಎದ್ದರೂ ಆಯ್ತು. ಪಕ್ಕದವರೇ ಎಬ್ಬಿಸುತ್ತಾರೆ.

ಯಕ್ಷಗಾನದ ತಂಡಗಳಾದ ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸಿನಿಂದ ಮೇ ಕೊನೆಯವರೆಗೆ. ನಮ್ಮ ಕಡೆ ನಡೆಯುವುದು ಹೆಚ್ಚಾಗಿ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ ಆಟ. ಮಂದಾರ್ತಿ ಮೇಳದಂಥ ಬಯಲಾಟದ ಮೇಳಗಳು ಹರಕೆಯ ಆಟ ಆಡಲು ಘಟ್ಟ ಹತ್ತಿ ಬರುತ್ತವೆ. ಮಂದಾರ್ತಿಯ ಆಟ ಆಡಿಸಲು ಹರಕೆ ಹೊತ್ತವರು ವರ್ಷಗಟ್ಟಲೆ ಕಾಯುತ್ತಾರೆ. ಹಾಗಾಗಿ ಆ ಮನೆಗೆ ಅದೊಂದು ಮದುವೆಯಷ್ಟೇ ದೊಡ್ಡ ಸಂಭ್ರಮ. ಬಂದವರಿಗೆಲ್ಲ ಊಟ ಹಾಕುತ್ತಾರೆ. "ಊಟ ಮಾಡ್ಕೊಂಡೇ ಕೂತ್ಕೊಳ್ಳಿ" ಅಂತ ಕರೆದಾಗ ಸಂಕೋಚ ಪಟ್ಟು ದೂರ ನಿಲ್ಲಬೇಡಿ, ಅವರಿಗೆ ಬೇಸರವಾಗುತ್ತದೆ. ಪಂಕ್ತಿಯಲ್ಲಿ ಕೂತು ಉಣ್ಣಿ, ಚೌಕಿಯ ಮಂಗಳಾರತಿ ತಟ್ಟೆಗೆ ಕೈಲಾದಷ್ಟು ಹಾಕಿ. ಸಾಲಿಗ್ರಾಮ, ಪೆರ್ಡೂರು ಮೇಳಗಳ ಟೆಂಟಿನ ಆಟಕ್ಕೆ ಟಿಕೆಟ್ ಇರುತ್ತದೆ.

ಎಲ್ಲಿ ಆಟ ಅನ್ನುವುದನ್ನು ತಿಳಿಯಲು ಪತ್ರಿಕೆಗಳಲ್ಲಿ ಬರುವ ಆ ದಿನದ ಆಟಗಳ ಪಟ್ಟಿ ನೋಡುತ್ತೇನೆ. ಊರಿನ ಹೋಟೆಲಿನ ಗೋಡೆಗೆ ಹಚ್ಚಿದ ಕರಪತ್ರ ಅದಕ್ಕಿಂತ ನಂಬಿಕಸ್ಥ. ಕರಪತ್ರದ ಕೆಳಗೆ ಫೋನ್ ನಂಬರ್ ಇದ್ದೇ ಇರುತ್ತದೆ. ಹೊರಡುವ ದಿನ ಮಧ್ಯಾಹ್ನ ಒಂದು ಸಲ ಫೋನ್ ಮಾಡಿ ಆಟ ಇದೆಯಾ, ಬೆಳತನಕವಾ ಕಾಲಮಿತಿಯಾ, ಬೆಳಗ್ಗೆ ಮೊದಲ ಬಸ್ಸು ಎಷ್ಟಕ್ಕೆ ಅಂತ ಕೇಳಿಬಿಡುತ್ತೇನೆ. ಬಸ್ಸಿನ ವೇಳೆ ಊರಿನವರಿಗೆ ಗೊತ್ತಿರುವಷ್ಟು ಫೋನಿನ ಮ್ಯಾಪಿಗೆ ಗೊತ್ತಿರಲ್ಲ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಜೋರು. ಚಾಪೆ, ದಪ್ಪ ಶಾಲು, ಕಿವಿ ಮುಚ್ಚುವ ಟೋಪಿ, ಟಾರ್ಚ್ ಇವಿಷ್ಟು ನನ್ನ ಚೀಲದಲ್ಲಿ ಇರಲೇಬೇಕು.

ಕಂಪನಿ ನಾಟಕ ನೋಡಬೇಕು ಅಂದರೆ ಜಾತ್ರೆ. ಶಿರಸಿಯ ಮಾರಿಕಾಂಬಾ ಜಾತ್ರೆ 2 ವರ್ಷಕ್ಕೊಮ್ಮೆ, ಸಾಗರದ್ದು 3 ವರ್ಷಕ್ಕೊಮ್ಮೆ. ವೃತ್ತಿ ಕಂಪನಿಗಳು ಬಂದು ಥಿಯೇಟರ್ ಹಾಕುತ್ತವೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಪ್ರದರ್ಶನ ಇರುವುದರಿಂದ ನಾನು ಹಗಲಿನದ್ದಕ್ಕೇ ಹೋಗಿ ಸಂಜೆಯ ಬಸ್ಸು ಹಿಡಿಯುತ್ತೇನೆ. ಜಾತ್ರೆಗೆ ಹೆಚ್ಚಿನ ಬಸ್ಸುಗಳೂ ಇರುತ್ತವೆ. ಜಾತ್ರೆಯ ಊರಲ್ಲಿ ರೂಮು ಹುಡುಕಲು ಹೋಗಬೇಡಿ, ಸಿಕ್ಕರೂ ಬಾಡಿಗೆ ವಿಪರೀತ. ಆ ನಟರು ಮೈಕಿನ ಮುಂದೆ ನಿಂತು ಸಾವಿರ ಜನರನ್ನು ನಗಿಸಿ, ಅಳಿಸಿ ಕಳಿಸುವುದು ನೋಡಿದರೆ ಕಂಪನಿ ನಾಟಕವನ್ನು ಕೀಳಾಗಿ ನೋಡಲು ಮನಸ್ಸೇ ಬರಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಉಳಿತಾಯ ಮಾಡುವುದಿಲ್ಲ. ಟಿಕೆಟ್ ಇರುವ ಕಡೆ ಪರಿಚಯದವರ ಪಾಸ್ ತೆಗೆದುಕೊಳ್ಳುವುದಿಲ್ಲ. ಟಿಕೆಟ್ ಇಲ್ಲದ ಕಡೆ ಡಬ್ಬಿ ಇಟ್ಟಿದ್ದರೆ ನೂರು ರೂಪಾಯಿ ಹಾಕುತ್ತೇನೆ. ಹತ್ತಿಪ್ಪತ್ತು ಜನ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಪರದೆ, ದೀಪ, ವೇಷ ಹೊತ್ತು ನಮ್ಮೂರಿಗೆ ಬಂದಿರುತ್ತಾರೆ. ಬಸ್ಸಿನಲ್ಲಿ, ಊಟದಲ್ಲಿ, ರೂಮಿನಲ್ಲಿ ಉಳಿಸಿದ ದುಡ್ಡು ಅವರ ಕೈಗೆ ಹೋಗಲಿ ಅನ್ನುವುದು ನನ್ನಾಸೆ.

ಮಳೆಗಾಲ ಬಂದರೆ ಏನು ಮಾಡ್ತೀರಿ ಅಂತ ಕೇಳುವವರಿದ್ದಾರೆ. ಜೂನ್‌ನಿಂದ ಮೇಳಗಳು ಊರೂರು ತಿರುಗುವುದಿಲ್ಲ, ಘಟ್ಟದ ರಸ್ತೆಗಳೂ ಸರಿ ಇರುವುದಿಲ್ಲ. ಆಗ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಳೆ, ಚಂಡೆ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳ ಮಾತು ಅಷ್ಟೇ. ಕೃಷ್ಣ ಮತ್ತು ಕೌರವ ಎದುರುಬದುರು ಬಿಳಿ ಪಂಚೆಯಲ್ಲಿ ಕೂತು ಮಾತಿಗೆ ಮಾತು ಕೊಡುತ್ತಾರೆ. ದೇವಸ್ಥಾನದ ಪೌಳಿಯಲ್ಲೋ, ಸಂಘದ ಸಭಾಭವನದಲ್ಲೋ, ಯಾರದ್ದಾದರೂ ಮನೆ ಜಗಲಿಯಲ್ಲೋ ನಡೆಯುತ್ತದೆ. ನಾನು ನೋಡಿದವೆಲ್ಲ ಉಚಿತ. ಮಧ್ಯಾಹ್ನ ಮೂರಕ್ಕೆ ಶುರುವಾಗಿ ಕತ್ತಲಾಗುವ ಮೊದಲೇ ಮುಗಿಯುವಂಥವೂ ಇರುತ್ತವೆ, ನಾನು ಅಂಥವನ್ನೇ ಹುಡುಕಿ ಹೋಗುತ್ತೇನೆ. ಹೊಸಬರು ಪ್ರಸಂಗದ ಕಥೆಯನ್ನು ಒಮ್ಮೆ ಓದಿಕೊಂಡು ಹೋದರೆ ಮಾತಿನ ತಿರುವುಗಳು ಚೆನ್ನಾಗಿ ಹಿಡಿಯುತ್ತವೆ. ಛತ್ರಿ ಜೊತೆಗೆ ಒಂದು ಜೊತೆ ಒಣ ಬಟ್ಟೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ, ನಮ್ಮ ಮಳೆಗೆ ಬರೀ ಛತ್ರಿ ಸಾಲುವುದಿಲ್ಲ.