ನಕಲಿ ಲೈಕಾಗಳ ಸಹವಾಸ

ಲೈಕಾ ಎಂದು ಕೆತ್ತಿದ ಕ್ಯಾಮೆರಾಗಳು ನನ್ನ ಕಪಾಟಿನಲ್ಲಿ ಸಾಲಾಗಿ ಕೂತಿವೆ. ಒಂದೂ ಜರ್ಮನಿಯಲ್ಲಿ ಹುಟ್ಟಿದ್ದಲ್ಲ. ಗೊತ್ತಿದ್ದೇ ಕೊಂಡಿದ್ದೇನೆ. ಅಸಲಿಯನ್ನಷ್ಟೇ ಕೂಡಿಡುವವರು ಇವುಗಳನ್ನು ಕಂಡು ಮೂಗು ಮುರಿಯುತ್ತಾರೆ, ಮುರಿಯಲಿ. ಅಸಲಿ ಲೈಕಾದ ಸ್ಕ್ರೂಗೆ ಕೈ ಹಾಕಲು ಎರಡು ಸಲ ಯೋಚಿಸಬೇಕು. ಇವುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ ಫೋಟೋ ತೆಗೆಯಬಹುದು. ಕ್ಯಾಮೆರಾ ರಿಪೇರಿಯಲ್ಲಿ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದನ್ನು ಕಲಿಸಿದ್ದು ಇವೇ.

ಜರ್ಮನಿಯ ಓಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂತು. ಎರಡು ಬಿಂಬಗಳನ್ನು ಒಂದಾಗಿಸಿ ದೂರ ಅಳೆಯುವ ರೇಂಜ್‌ಫೈಂಡರನ್ನು ಲೆನ್ಸಿನ ಫೋಕಸ್‌ಗೆ ಜೋಡಿಸಿದ ಲೈಕಾ 2 ಬಂದದ್ದು 1932ರಲ್ಲಿ. ಸೋವಿಯತ್ ಒಕ್ಕೂಟದಲ್ಲಿ ಅದನ್ನೇ ಮಾದರಿಯಾಗಿಟ್ಟುಕೊಂಡು, ಖಾರ್ಕಿವ್‌ನಲ್ಲಿ ಅನಾಥ ಮಕ್ಕಳಿಗಾಗಿ ನಡೆಯುತ್ತಿದ್ದ ಜೆರ್ಜಿನ್‌ಸ್ಕಿ ಕಮ್ಯೂನ್‌ನಲ್ಲಿ 1934ರಿಂದ ಫೆಡ್ ಕ್ಯಾಮೆರಾ ತಯಾರಿಸಿದರು. ಮಹಾಯುದ್ಧದ ನಂತರ, 1948ರಿಂದ, ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನಲ್ಲಿ ಜೋರ್ಕಿ ಶುರುವಾಯಿತು. ಇವು ನಕಲುಗಳು ನಿಜ, ಆದರೆ ಮೋಸವಲ್ಲ. ತಮ್ಮ ಹೆಸರನ್ನು ತಲೆಯ ಮೇಲೇ ಹೊತ್ತಿದ್ದವು. ಮೋಸ ಶುರುವಾದದ್ದು ದಶಕಗಳ ನಂತರ, ಯಾರೋ ಆ ಹೆಸರನ್ನು ಉಜ್ಜಿ ತೆಗೆದು ಲೈಕಾ ಎಂದು ಕೆತ್ತಿ, ಹಿತ್ತಾಳೆಗೆ ಹೊಳಪು ಕೊಟ್ಟು, ಹಾವಿನ ಚರ್ಮದಂಥ ಹೊದಿಕೆ ಅಂಟಿಸಿದಾಗ. ಕೆಲವಕ್ಕೆ 1936ರ ಬರ್ಲಿನ್ ಒಲಿಂಪಿಕ್ಸಿನ ಉಂಗುರ, ಕೆಲವಕ್ಕೆ ಜರ್ಮನ್ ವಾಯುಪಡೆಯ ಹದ್ದು. ಹದ್ದು, ಸ್ವಸ್ತಿಕ ಕೆತ್ತಿದ್ದು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ನಾನು ಮುಟ್ಟುವುದಿಲ್ಲ. ಇನ್ನು ಯುದ್ಧಪೂರ್ವದ ಒಳ್ಳೆಯ ಫೆಡ್ ಒಂದನ್ನು ಉಜ್ಜಿ ಸುಳ್ಳು ಲೈಕಾ ಮಾಡಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹಾಗೇ ಬಿಟ್ಟಿದ್ದರೆ ಅದಕ್ಕೇ ಹೆಚ್ಚು ಮರ್ಯಾದೆ ಇರುತ್ತಿತ್ತು.

ಯಾವುದೇ ಹೊಸ ಕ್ಯಾಮೆರಾ ಕೈಗೆ ಬಂದರೆ ಕೆತ್ತನೆ ನೋಡುವ ಮೊದಲು ಲೆನ್ಸ್ ತಿರುಗಿಸಿ ಬಿಚ್ಚುತ್ತೇನೆ. ಬಾಯಿಯ ಮೇಲ್ಭಾಗದಲ್ಲಿ, ಒಳಗಡೆ, ಒಂದು ಪುಟ್ಟ ತೋಳು ಕಾಣುತ್ತದೆ. ಲೆನ್ಸಿನ ಹಿಂಬದಿ ಅದನ್ನು ತಳ್ಳಿದಷ್ಟೂ ರೇಂಜ್‌ಫೈಂಡರಿನ ಎರಡನೇ ಬಿಂಬ ಸರಿಯುತ್ತದೆ. ಅಸಲಿ ಲೈಕಾದಲ್ಲಿ ಈ ತೋಳಿನ ತುದಿಗೆ ಉರುಳುವ ಗುಂಡನೆಯ ಚಕ್ರವಿದೆ. ಫೆಡ್ ಮತ್ತು ಜೋರ್ಕಿಯಲ್ಲಿ ಚಕ್ರದ ಬದಲು ನೀರಹನಿಯ ಆಕಾರದ ಗಟ್ಟಿ ಲೋಹದ ತುಣುಕು. ಹತ್ತಿರದ ಫೋಕಸ್ ತಪ್ಪಿದ್ದರೆ ಆ ತುಣುಕನ್ನೇ ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಬೇಕು. ಹೊರಗಿನ ಕೆತ್ತನೆ ಎಷ್ಟು ನಾಜೂಕಾಗಿದ್ದರೂ ಈ ಜಾಗಕ್ಕೆ ಸಾಮಾನ್ಯವಾಗಿ ಯಾರೂ ಕೈ ಹಾಕಿರುವುದಿಲ್ಲ.

ಲೆನ್ಸ್ ಇನ್ನೊಂದು ಸಾಕ್ಷಿ. ಅದರ ಮೇಲೆ ಲೈಕಾದ ಲೆನ್ಸಿನ ಹೆಸರಾದ ಎಲ್ಮಾರ್ ಎಂದಿರುತ್ತದೆ, ಒಳಗಿರುವುದು ಬಹುಮಟ್ಟಿಗೆ ಸೋವಿಯತ್ ಲೆನ್ಸ್ ಇಂಡಸ್ಟಾರ್. ಎರಡೂ 50 ಮಿ.ಮೀ., ಎರಡೂ ಎಫ್ 3.5, ಎರಡರಲ್ಲೂ ನಾಲ್ಕು ಗಾಜು. ದೀಪದ ಕೆಳಗೆ ಓರೆಯಾಗಿ ಹಿಡಿದು, ಬೆಳಕಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳು ಎಲ್ಲಿವೆ ನೋಡಿ. ಎಲ್ಮಾರ್‌ನಲ್ಲಿ ಮೊದಲ ಗಾಜಿನ ಬೆನ್ನಿಗೇ ಇರುತ್ತವೆ. ಇಂಡಸ್ಟಾರ್‌ನಲ್ಲಿ ಇನ್ನೊಂದು ಗಾಜು ದಾಟಿ, ಆಳದಲ್ಲಿ. ಸೀರಿಯಲ್ ನಂಬರನ್ನೂ ಪ್ರಕಟಿತ ಪಟ್ಟಿಗಳ ಜೊತೆ ತಾಳೆ ನೋಡಬಹುದು; ನಿಧಾನ ವೇಗಗಳ ಮುಂಗುಂಡಿ ಇರುವ ಲೈಕಾ 3ರ ನಂಬರು ಆ ಗುಂಡಿಯೇ ಇಲ್ಲದ ದೇಹದ ಮೇಲೆ ಕೂತಿರುವುದು ಹೊಸದೇನಲ್ಲ.

ಇನ್ನು ಆರೈಕೆ. ಇಲ್ಲಿ ಅಸಲಿ ನಕಲಿ ಭೇದವಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಶಟರ್ ಪರದೆ. ರಬ್ಬರ್ ಲೇಪಿಸಿದ ತೆಳು ಬಟ್ಟೆ ಅದು. ವಯಸ್ಸಾದಂತೆ ಗಡುಸಾಗುತ್ತದೆ, ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಫ್ರೇಮ್ ನಂತರ ಫ್ರೇಮಿನಲ್ಲಿ ಒಂದೇ ಜಾಗದಲ್ಲಿ ಬೆಳಕಿನ ಚುಕ್ಕೆ ಬಂದರೆ ಬೇರೆಲ್ಲೂ ಹುಡುಕಬೇಡಿ. ಬಟ್ಟೆಗೆ ಬಳಿಯುವ ಕಪ್ಪು ಬಣ್ಣವನ್ನು ತೀರಾ ತೆಳುವಾಗಿ ಸವರಿ, ಪೂರ್ತಿ ಒಣಗುವ ತನಕ ಶಟರ್ ಮುಟ್ಟದಿದ್ದರೆ ಸಣ್ಣ ತೂತು ಮುಚ್ಚಿಹೋಗುತ್ತದೆ. ದಪ್ಪಗೆ ಬಳಿದರೆ ಪರದೆಯ ತೂಕ ಹೆಚ್ಚಿ ವೇಗ ಕೆಡುತ್ತದೆ. ಮುಚ್ಚಳ ಹಾಕದ ಕ್ಯಾಮೆರಾ ಸೂರ್ಯನಿಗೆ ಮುಖ ಮಾಡಿ ಬಿದ್ದಿದ್ದರೆ ಲೆನ್ಸೇ ಭೂತಗನ್ನಡಿಯಾಗಿ ಪರದೆ ಸುಡುತ್ತದೆ. ನನ್ನ ಎಲ್ಲ ಲೆನ್ಸಿಗೂ ಮುಚ್ಚಳ ಇದೆ, ಅಂದವಾದದ್ದಲ್ಲದಿದ್ದರೂ ಸರಿ.

ವೇಗದ ಗುಂಡಿ ಬದಲಿಸುವುದು ಫಿಲ್ಮ್ ಸುತ್ತಿದ ಮೇಲೆ ಮಾತ್ರ. ಸುತ್ತದೆ ತಿರುಗಿಸಿದರೆ ಅಂಕಿ ಎಲ್ಲಿ ನಿಂತಿದೆ ಎಂಬುದಕ್ಕೆ ಅರ್ಥವೇ ಇರುವುದಿಲ್ಲ, ನಂತರ ಬಂದ ಕೆಲವು ಜೋರ್ಕಿಗಳಲ್ಲಂತೂ ಒಳಗಿನ ಯಂತ್ರವೇ ಕೆಡಬಹುದು. ಫಿಲ್ಮ್ ಹೋಗುವುದು ತಳದಿಂದ. ಹಾಗಾಗಿ ಅದರ ಮುಂತುದಿಯ ಕಿರಿದಾದ ನಾಲಿಗೆಯನ್ನು ಸುಮಾರು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿಕೊಂಡೇ ಹಾಕುತ್ತೇನೆ. ಕತ್ತರಿಸದೆ ತುರುಕಿದರೆ ಹರಿದ ಚೂರು ಒಳಗೆ ಸಿಕ್ಕಿಬೀಳುತ್ತದೆ.

ಹಳೆಯ ಸೋವಿಯತ್ ಲೆನ್ಸುಗಳ ಗ್ರೀಸ್ ಒಣಗಿ ಮೇಣದಂತಾಗಿರುತ್ತದೆ. ಫೋಕಸ್ ಉಂಗುರ ಬಿಗಿಯಾಗಿದ್ದರೆ ಬಲ ಹಾಕಬಾರದು. ಲೆನ್ಸನ್ನು ಹಿಂದೆ ಮುಂದೆ ಸರಿಸುವ ತಿರುಪು ಭಾಗವಾದ ಹೆಲಿಕಾಯ್ಡ್ ಬಿಚ್ಚುವಾಗ ಎರಡು ಭಾಗ ಬೇರ್ಪಡುವ ಬಿಂದುವನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಬೇಕು. ಅದರ ತಿರುಪಿನ ಎಳೆಗೆ ಹಲವು ಆರಂಭಗಳಿರುತ್ತವೆ, ತಪ್ಪಾದದ್ದಕ್ಕೆ ಕೂರಿಸಿದರೆ ಅನಂತದ ಫೋಕಸ್ ಎಂದಿಗೂ ಸಿಗದು. ಗ್ರೀಸ್ ಕರಗಿಸುವ ನ್ಯಾಫ್ತಾ ದ್ರವದಿಂದ ತೊಳೆದು, ಹೊಸ ಗ್ರೀಸ್ ಬೆರಳ ತುದಿಯಷ್ಟು ಹಚ್ಚಿದರೆ ಸಾಕು. ತುಕ್ಕು ಬಿಡಿಸುವ ಸ್ಪ್ರೇಯನ್ನು ಕ್ಯಾಮೆರಾದ ಹತ್ತಿರವೂ ತರಬೇಡಿ. ಅದು ಹರಿದು ಅಪರ್ಚರ್ ಎಲೆಗಳಿಗೂ ಪರದೆಗೂ ಸೇರುತ್ತದೆ.

ಗಾಜು ಒರೆಸುವುದಕ್ಕೆ ಮೊದಲು ಬ್ಲೋವರ್, ಆಮೇಲೆ ಮೃದು ಬ್ರಷ್, ಕೊನೆಗಷ್ಟೇ ಬಟ್ಟೆ. ಹೊಳೆಯುವ ಹಿತ್ತಾಳೆಯ ನಕಲಿಗಳಿಗೆ ಪಾಲಿಶ್ ಹಚ್ಚುವ ಆಸೆಯಾಗುತ್ತದೆ. ಹಚ್ಚಿದರೆ ಮೇಲಿನ ಲ್ಯಾಕರ್ ಹೋಗಿ ಕೆತ್ತನೆಯೊಳಗಿನ ಬಣ್ಣವೂ ಏಳುತ್ತದೆ, ಒಣಬಟ್ಟೆಯೇ ಮೇಲು.

ಚರ್ಮದ ಚೀಲ ನೋಡಲು ಚಂದ, ಇಡಲು ಕೆಟ್ಟದ್ದು. ಅದು ತೇವ ಹಿಡಿಯುತ್ತದೆ, ಹಿತ್ತಾಳೆ ತಾಗಿದಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಲೆನ್ಸಿಗೆ ಫಂಗಸ್ ಬರುತ್ತದೆ. ನನ್ನ ಚೀಲಗಳು ಬೇರೆ ಪೆಟ್ಟಿಗೆಯಲ್ಲಿವೆ. ಕ್ಯಾಮೆರಾಗಳಿರುವ ಕಪಾಟಿನಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಮತ್ತು ಆರ್ದ್ರತೆ ತೋರಿಸುವ ಮೀಟರ್. 40ರಿಂದ 50 ಶೇಕಡಾ ನನ್ನ ಗುರಿ. ತೀರಾ ಒಣಗಿಸಿದರೆ ಅಂಟು, ಚರ್ಮ ಬಿರಿಯುತ್ತವೆ. ಫಂಗಸ್ ಕಂಡ ಲೆನ್ಸನ್ನು ಕೂಡಲೇ ಬೇರೆ ಇಡುತ್ತೇನೆ. ಬೇಗ ಒರೆಸಿದರೆ ಗಾಜು ಉಳಿಯುತ್ತದೆ, ಕೋಟಿಂಗ್ ತಿಂದಿದ್ದರೆ ಆ ಗುರುತು ಶಾಶ್ವತ.

ಶಟರನ್ನು ಸುತ್ತಿದ ಸ್ಥಿತಿಯಲ್ಲಿ ಬಿಡದೆ ಸಡಿಲಿಸಿ ಇಡುತ್ತೇನೆ, ಆಗಾಗ ತೆಗೆದು ಎಲ್ಲ ವೇಗಗಳಲ್ಲೂ ಖಾಲಿ ಓಡಿಸುತ್ತೇನೆ. ಪ್ರತಿ ಕ್ಯಾಮೆರಾದ ತಳದ ತಟ್ಟೆಯೊಳಗೆ ಒಂದು ಸಣ್ಣ ಚೀಟಿಯೂ ಇದೆ. ಅದರಲ್ಲಿ ಇದು ಜೋರ್ಕಿ ಅಥವಾ ಇದು ಫೆಡ್, ಕೆತ್ತನೆ ಸುಳ್ಳು, ಲೆನ್ಸ್ ಇಂಡಸ್ಟಾರ್ ಎಂದು ಬರೆದಿದ್ದೇನೆ. ನಾಳೆ ಇದು ಯಾರ ಕೈಗೆ ಹೋಗುತ್ತದೋ, ತಳ ಬಿಚ್ಚಿದವನಿಗಾದರೂ ಗೊತ್ತಾಗಲಿ. ಫಿಲ್ಮ್ ಹಾಕುವಾಗ ಮಾತ್ರ ಆ ಚೀಟಿಯನ್ನು ತೆಗೆದಿಡಲೇಬೇಕು.