ಹಿರಿಯರೊಂದಿಗೆ ವಂಡರ್‌ಲಾ: ಮಲೆನಾಡಿನಿಂದ ಹೊರಡುವವರ ಸಿದ್ಧತೆ

ಮಕ್ಕಳು ಬೆಂಗಳೂರು ಸಮೀಪದ ಬಿಡದಿಯ ಮನರಂಜನಾ ಪಾರ್ಕ್ ವಂಡರ್‌ಲಾಗೆ ಹೋಗೋಣವೆಂದು ಹಟ ಹಿಡಿದಾಗ ಅಜ್ಜಿಯನ್ನೋ ಅಜ್ಜನನ್ನೋ ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಕರೆದೊಯ್ದರೆ ಆಯಾಸವಾದೀತೆಂಬ ಅಳುಕೂ ಇರುತ್ತದೆ. ಖಂಡಿತ ಕರೆದುಕೊಂಡು ಹೋಗಿ. ಆದರೆ ದಿನದ ಯೋಜನೆಯನ್ನು ಆಟಗಳ ಪಟ್ಟಿಯಿಂದಲ್ಲ, ಹಿರಿಯರ ಊಟ, ಮಾತ್ರೆ ಮತ್ತು ವಿಶ್ರಾಂತಿಯ ವೇಳೆಯಿಂದ ಆರಂಭಿಸಿ.

ಮಲೆನಾಡಿನ ತಂಪಿಗೆ ಒಗ್ಗಿದ ದೇಹಕ್ಕೆ ಏಪ್ರಿಲ್, ಮೇ ತಿಂಗಳ ಬಯಲುಸೀಮೆಯ ಬಿಸಿಲು ಕಷ್ಟ. ಮೇಲಾಗಿ ರಜೆಯ ಜನಜಂಗುಳಿ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಹೊರಡುವುದೇ ಪ್ರಯಾಸ. ಅಡಿಕೆ ಕೊಯ್ಲು ಒಂದು ಹದಕ್ಕೆ ಬಂದ ಮೇಲೆ, ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ, ಮಕ್ಕಳಿಗೆ ಶಾಲೆಯಿಂದ ಎರಡು ದಿನ ರಜೆ ಕೇಳಿಯಾದರೂ ವಾರದ ನಡುವೆ ಹೋಗುವುದು ಮೇಲು.

ರಾತ್ರಿಯಿಡೀ ಪ್ರಯಾಣಿಸಿ ಬೆಳಿಗ್ಗೆ ನೇರವಾಗಿ ಪಾರ್ಕಿಗೆ ಹೋಗುವ ಯೋಚನೆಯನ್ನು ಬಿಟ್ಟುಬಿಡಿ. ಹಿಂದಿನ ದಿನವೇ ಶಿವಮೊಗ್ಗದಿಂದ ಹಗಲಿನ ರೈಲಿನಲ್ಲಿ ಹೊರಟು ಬಿಡದಿಯ ಸಮೀಪ ತಂಗುವುದು ಒಳ್ಳೆಯದು. ರೈಲಿನಲ್ಲಿ ಶೌಚಾಲಯವಿರುತ್ತದೆ, ಕಾಲು ಊದುವ ಮುನ್ನ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಸಾಗರದವರು ಅನಿವಾರ್ಯವಾಗಿ ತಾಳಗುಪ್ಪ-ಮೈಸೂರು ರಾತ್ರಿ ರೈಲನ್ನೇ ಹಿಡಿಯುವುದಾದರೆ ಕೆಳಗಿನ ಬರ್ತಿಗಾಗಿ ಹಿರಿಯ ನಾಗರಿಕರ ಕೋಟಾದಲ್ಲಿ ಟಿಕೆಟ್ ಮಾಡಿಸಿ, ಮಾರನೆಯ ದಿನ ಪೂರ್ತಿ ವಿಶ್ರಾಂತಿಗೆ ಮೀಸಲಿಡಿ. ಕಾರಿನಲ್ಲಿ ಬರುವವರು ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಸೇರಿದರೆ ಬೆಂಗಳೂರಿನ ಒಳಗಿನ ವಾಹನದಟ್ಟಣೆ ತಪ್ಪುತ್ತದೆ.

ಹೊರಡುವ ಒಂದು ವಾರ ಮೊದಲೇ ಮನೆಯ ವೈದ್ಯರನ್ನು ಕಾಣುವುದು ಅಗತ್ಯ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಶೌಚಾಲಯಕ್ಕೆ ಓಡಾಡಬೇಕಲ್ಲ ಎಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಲಿನಲ್ಲಿ ಇದು ಅಪಾಯಕಾರಿ. ಆ ದಿನ ಮಾತ್ರೆಯ ವೇಳೆಯನ್ನು ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯಿದ್ದು ತಿಂಡಿ ಒಯ್ಯಬೇಕಾದರೆ ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಳ್ಳಿ, ಏಕೆಂದರೆ ಪಾರ್ಕಿನೊಳಗೆ ಹೊರಗಿನ ತಿಂಡಿಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಮೊದಲೇ ಫೋನ್ ಮಾಡಿ ಗಾಲಿಕುರ್ಚಿ ಸಿಗುತ್ತದೆಯೇ, ಹಿರಿಯರಿಗೆ ಟಿಕೆಟ್ ದರ ಎಷ್ಟು ಎಂದು ವಿಚಾರಿಸಿ. ವಯಸ್ಸಿನ ದಾಖಲೆಗೆ ಆಧಾರ್ ಇರಲಿ.

ಒಳಗೆ ಹೋದಮೇಲೆ ಎಲ್ಲ ಕುಟುಂಬಗಳಲ್ಲೂ ನಡೆಯುವುದೊಂದಿದೆ. "ನೀವು ಹೋಗ್ಬನ್ನಿ, ಬ್ಯಾಗ್ ನಾನು ನೋಡ್ಕೋತೀನಿ" ಎನ್ನುತ್ತಾರೆ ಅಜ್ಜಿ, ಎಲ್ಲರೂ ಒಪ್ಪಿಬಿಡುತ್ತಾರೆ. ಒದ್ದೆ ಬಟ್ಟೆ, ಆರು ಜೊತೆ ಚಪ್ಪಲಿ, ಮೂರು ಮೊಬೈಲುಗಳ ನಡುವೆ ಕುಳಿತ ಅವರು ಬಾಯಾರಿದರೂ ಎದ್ದು ಹೋಗುವಂತಿಲ್ಲ. ಬಾಡಿಗೆಗೆ ಲಾಕರ್ ತೆಗೆದುಕೊಂಡು ಸಾಮಾನನ್ನೆಲ್ಲ ಅದರಲ್ಲಿಡಿ. ದೊಡ್ಡವರಲ್ಲಿ ಒಬ್ಬರು ಸರದಿಯಂತೆ ಅಜ್ಜಿಯ ಜೊತೆಗಿರಲಿ. ಮೊಮ್ಮಗು ಕುಣಿಯುವುದು ಕಾಣುವಂಥ ನೆರಳಿನ ಜಾಗ ಹುಡುಕಿ.

ಹೃದಯದ ತೊಂದರೆ, ಬೆನ್ನುನೋವು, ಅಧಿಕ ರಕ್ತದೊತ್ತಡ ಇರುವವರನ್ನು ವೇಗದ ಆಟಗಳಿಗೆ ಒತ್ತಾಯಿಸಲೇಬಾರದು. ಕೊಳದ ಅಂಚಿನಲ್ಲಿ ಕಾಲು ನೆನೆಸಬೇಕೆನ್ನಿಸಿದರೆ ಹಿಡಿತವಿರುವ ಪಾದರಕ್ಷೆ ತೊಡಿಸಿ, ಕೈ ಹಿಡಿದೇ ಕರೆದೊಯ್ಯಿರಿ. ಸವೆದ ಹವಾಯಿ ಚಪ್ಪಲಿ ಒದ್ದೆ ನೆಲದಲ್ಲಿ ಜಾರುತ್ತದೆ. ಊಟವನ್ನು ಹನ್ನೆರಡೂವರೆಗೇ ಮುಗಿಸಿದರೆ ಸಾಲು ಕಡಿಮೆಯಿರುತ್ತದೆ, ಅವರ ಮನೆಯ ಊಟದ ಹೊತ್ತೂ ತಪ್ಪುವುದಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಅವರು ಮಾತು ಕಡಿಮೆ ಮಾಡಿದರೆ, ಕೇಳಿದ್ದಕ್ಕೆಲ್ಲ "ಪರವಾಗಿಲ್ಲ" ಎಂದಷ್ಟೇ ಹೇಳತೊಡಗಿದರೆ, ದಣಿದಿದ್ದಾರೆಂದೇ ತಿಳಿಯಿರಿ. ಆಗ ಒಬ್ಬರು ಅವರೊಡನೆ ಕೋಣೆಗೆ ಮರಳಲಿ, ಉಳಿದವರು ಸಂಜೆಯವರೆಗೆ ಆಡಿಬರಲಿ. ಊರಿಗೆ ಮರಳುವ ಟಿಕೆಟನ್ನು ಮಾತ್ರ ಮರುದಿನಕ್ಕೇ ಮಾಡಿಸಿರಿ.